ಕಡಿಮೆ ಬಜೆಟ್‌ನಲ್ಲಿ ಹೈಸ್ಕೂಲ್ ಸ್ಲ್ಯಾಷರ್ ಸಿನಿಮಾ: ಖಾಲಿ ಕಟ್ಟಡದಿಂದ ಟ್ರೇಲರ್‌ವರೆಗೆ

ಮುಖವಾಡ ಹಾಕಿದ ಒಬ್ಬ ಕೊಲೆಗಾರ. ಹದಿಹರೆಯದ ಹುಡುಗ ಹುಡುಗಿಯರ ಒಂದು ಗುಂಪು. ಹೊರಗೆ ಹೋಗಲು ದಾರಿ ಇಲ್ಲದ ಒಂದು ಜಾಗ. ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಒಬ್ಬಳು ಉಳಿಯುತ್ತಾಳೆ. ಸ್ಲ್ಯಾಷರ್ ಸಿನಿಮಾದ ಹಂದರ ಇಷ್ಟೇ. ಇಷ್ಟೇ ಆಗಿರುವುದರಿಂದಲೇ ಕೈಯಲ್ಲಿ ದುಡ್ಡಿಲ್ಲದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. 1978ರ ‘ಹ್ಯಾಲೋವೀನ್’ ಸುಮಾರು ಮೂರು ಲಕ್ಷ ಡಾಲರ್ ಖರ್ಚಿನಲ್ಲಿ, 20 ದಿನಗಳ ಆಸುಪಾಸಿನ ಶೂಟಿಂಗ್‌ನಲ್ಲಿ ಮುಗಿದ ಸಿನಿಮಾ. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು.

ಹೊಸಬರು ಸಾಮಾನ್ಯವಾಗಿ ಮೊದಲು ರಕ್ತದ ಬಗ್ಗೆ ಯೋಚಿಸುತ್ತಾರೆ. ಯಾರನ್ನು ಹೇಗೆ ಸಾಯಿಸುವುದು, ಎಷ್ಟು ಲೀಟರ್ ಚೆಲ್ಲುವುದು ಅಂತ. ಆದರೆ ನೋಡುವವನಿಗೆ ಹೆದರಿಕೆ ಆಗುವುದು ಚಾಕು ಇಳಿದಾಗ ಅಲ್ಲ, ಇಳಿಯುವ ಮೊದಲಿನ ಒಂದೆರಡು ನಿಮಿಷದಲ್ಲಿ. ಆ ಕಾಯುವಿಕೆಗೆ ಬೇಕಾದದ್ದು ಉದ್ದನೆಯ ಕಾರಿಡಾರ್, ಅರ್ಧ ತೆರೆದ ಬಾಗಿಲು, ಎಲ್ಲೋ ಒಂದು ಕುರ್ಚಿ ಎಳೆದ ಸದ್ದು. ಖಾಲಿ ಶಾಲೆಯಲ್ಲಿ ಇವೆಲ್ಲ ಬಿಟ್ಟಿಯಾಗಿ ಸಿಗುತ್ತವೆ. ಹಾಗಾಗಿ ಈ ಮಾರ್ಗದರ್ಶಿ ಕಥೆಯಿಂದ ಶುರುವಾಗುವುದಿಲ್ಲ, ಕಟ್ಟಡದಿಂದ ಶುರುವಾಗುತ್ತದೆ.

ಹಂತ 1: ಮೊದಲು ಶಾಲೆ ಹಿಡಿಯಿರಿ

ಚಿತ್ರಕಥೆ ಬರೆದು ಮುಗಿಸಿ ಆಮೇಲೆ ಶಾಲೆ ಹುಡುಕಲು ಹೊರಟರೆ ಕಷ್ಟ. ನೀವು ಬರೆದ ಈಜುಕೊಳ ಅಲ್ಲಿರುವುದಿಲ್ಲ, ನೀವು ಬರೆಯದ ಅದ್ಭುತವಾದ ಸುರುಳಿ ಮೆಟ್ಟಿಲು ಅಲ್ಲಿರುತ್ತದೆ. ಮೊದಲು ಕಟ್ಟಡ, ಆಮೇಲೆ ಕಥೆ.

ಅನುಮತಿ ಕೇಳುವಾಗ ಕಥೆ ಮುಚ್ಚಿಡಬೇಡಿ. ‘ಶಾಲಾ ಜೀವನದ ಬಗ್ಗೆ ಒಂದು ಕಿರುಚಿತ್ರ’ ಅಂತ ಹೇಳಿ ಒಳಗೆ ಹೋಗಿ, ಎರಡನೇ ದಿನ ನೆಲದ ಮೇಲೆ ರಕ್ತ ಕಂಡರೆ ನಿಮ್ಮನ್ನು ಹೊರಗೆ ಹಾಕುತ್ತಾರೆ. ಅರ್ಧ ಸಿನಿಮಾ ಕೈಯಲ್ಲಿ ಉಳಿಯುತ್ತದೆ. ದೊಡ್ಡವರಿಗೂ ಈ ಪೆಟ್ಟು ಬಿದ್ದಿದೆ. 1996ರ ‘ಸ್ಕ್ರೀಮ್’ ಚಿತ್ರಕ್ಕೆ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಹೈಸ್ಕೂಲಿನಲ್ಲಿ ಶೂಟಿಂಗ್ ಮಾಡುವ ಯೋಜನೆ ಇತ್ತು. ಕಥೆಯಲ್ಲಿನ ಹಿಂಸೆ ನೋಡಿ ಅಲ್ಲಿನ ಶಾಲಾ ಮಂಡಳಿ ಆಗಲ್ಲ ಅಂದುಬಿಟ್ಟಿತು. ತಂಡ ಸೊನೋಮಾದ ಒಂದು ಸಮುದಾಯ ಭವನವನ್ನೇ ಶಾಲೆಯಾಗಿ ತೋರಿಸಿತು. ಸಿಟ್ಟಿಗೆ ಸಿನಿಮಾದ ಕೊನೆಯ ಹೆಸರುಪಟ್ಟಿಯಲ್ಲಿ ಆ ಮಂಡಳಿಗೆ ‘ಯಾವ ಕೃತಜ್ಞತೆಯೂ ಇಲ್ಲ’ ಅನ್ನುವ ಅರ್ಥದ ಸಾಲನ್ನೂ ಹಾಕಿದರು. ಆ ಸಾಲು ಬಿಡಿ, ಉಪಾಯ ನೋಡಿ. ಶಾಲೆ ಸಿಗದಿದ್ದರೆ ಶಾಲೆಯಂತೆ ಕಾಣುವ ಬೇರೆ ಕಟ್ಟಡ ಸಾಕು. ಹಳೆಯ ಕಚೇರಿಯ ಕಾರಿಡಾರ್, ತರಬೇತಿ ಕೇಂದ್ರದ ತರಗತಿ, ಇನ್ನೆಲ್ಲಿಯದೋ ಜಿಮ್. ಬಾಗಿಲುಗಳ ಬಣ್ಣ ಮತ್ತು ಗೋಡೆಯ ಕೆಳಪಟ್ಟಿ ಹೊಂದಿಕೆಯಾದರೆ ಮೂರು ಕಟ್ಟಡ ಸೇರಿ ಒಂದೇ ಶಾಲೆ ಆಗುತ್ತದೆ.

ಅನುಮತಿ ಬರಹದಲ್ಲಿ ಇರಲಿ. ಯಾವ ದಿನ, ಯಾವ ಗಂಟೆ, ಯಾವ ಕೋಣೆ, ಹಾನಿಯಾದರೆ ಯಾರು ಕಟ್ಟಿಕೊಡುತ್ತಾರೆ, ಶಾಲೆಯ ಹೆಸರು ಪರದೆ ಮೇಲೆ ಬರುತ್ತದೋ ಇಲ್ಲವೋ, ಎಲ್ಲವೂ. ಶಾಲೆಯ ಹೆಸರು, ಲಾಂಛನ, ಮಕ್ಕಳ ಫೋಟೊ ಇರುವ ಬೋರ್ಡುಗಳನ್ನು ಮುಚ್ಚುತ್ತೇವೆ ಅಂತ ನೀವೇ ಮೊದಲು ಹೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಆಮೇಲೆ ಮುಖ್ಯ ಕೆಲಸ. ಕತ್ತಲಾದ ಮೇಲೆ ಆ ಕಟ್ಟಡದಲ್ಲಿ ಒಮ್ಮೆ ನಡೆದು ಬನ್ನಿ. ಒಬ್ಬರೇ ಬೇಡ, ಕ್ಯಾಮೆರಾದವರನ್ನೂ ಸೌಂಡ್‌ನವರನ್ನೂ ಕರೆದುಕೊಂಡು ಹೋಗಿ. ಮುಖ್ಯ ಸ್ವಿಚ್‌ಬೋರ್ಡ್ ಎಲ್ಲಿದೆ? ಯಾವ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ? ರಾತ್ರಿಯೂ ಗಂಟೆ ಹೊಡೆಯುತ್ತದಾ? ಅಲಾರಂ ಆಫ್ ಮಾಡಲು ಯಾರ ಹತ್ತಿರ ಕೋಡ್ ಇದೆ? ಕೀಗೊಂಚಲು ಯಾರ ಕೈಯಲ್ಲಿರುತ್ತದೆ? ಆ ಕೊನೆಯ ವ್ಯಕ್ತಿಯ ಜೊತೆ ಚೆನ್ನಾಗಿರಿ. ಪ್ರಿನ್ಸಿಪಾಲ್ ಒಪ್ಪಿಗೆ ಕೊಟ್ಟರೂ ಬಾಗಿಲು ತೆರೆಯುವವರು ಅವರೇ ಅಲ್ವಾ.

ನಡೆಯುವಾಗ ಕಂಡದ್ದನ್ನೆಲ್ಲ ಬರೆದುಕೊಳ್ಳಿ. ಕಿರುಗುಟ್ಟುವ ಬಾಗಿಲು, ಪ್ರಯೋಗಾಲಯದ ಅಸ್ಥಿಪಂಜರ, ವೇದಿಕೆಯ ಹಿಂದಿನ ಇಕ್ಕಟ್ಟಾದ ಓಣಿ, ಗಾಜಿನ ಹಿಂದೆ ಜೋಡಿಸಿದ ಟ್ರೋಫಿಗಳು, ಧ್ವನಿವರ್ಧಕದ ಮೈಕ್ ಇರುವ ಆಫೀಸು. ನಿಮ್ಮ ಕೊಲೆಗಳು ಈ ಪಟ್ಟಿಯಿಂದ ಹುಟ್ಟಬೇಕು.

ಹಂತ 2: ಇರುವ ಜಾಗಕ್ಕೆ ಕಥೆ ಬರೆಯಿರಿ

ಮೊದಲ ಪ್ರಯತ್ನ ಆದರೆ 15ರಿಂದ 20 ನಿಮಿಷದ ಕಿರುಚಿತ್ರ ಮಾಡಿ ಅಂತಲೇ ನನ್ನ ಸಲಹೆ. ಅದರಲ್ಲಿ ಎರಡು ಕೊಲೆ ಸಾಕು. ಪೂರ್ಣ ಸಿನಿಮಾನೇ ಬೇಕು ಅಂದರೆ 75ರಿಂದ 80 ನಿಮಿಷಕ್ಕೆ ನಿಲ್ಲಿಸಿ. ಚಿತ್ರಕಥೆಯ ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ಹಳೆಯ ಲೆಕ್ಕ, ಈಗಲೂ ನಡೆಯುತ್ತದೆ. ಸಂಭಾಷಣೆಯ ದೃಶ್ಯವಾದರೆ ಸಣ್ಣ ತಂಡ ದಿನಕ್ಕೆ ಐದಾರು ಪುಟ ತೆಗೆಯಬಹುದು. ಕೊಲೆಯ ದೃಶ್ಯವಾದರೆ ಒಂದೇ ಪುಟಕ್ಕೆ ಅರ್ಧ ದಿನ ಹೋಗುತ್ತದೆ. ಹೆಣಗಳ ಸಂಖ್ಯೆ ಹೆಚ್ಚಿಸುವ ಮೊದಲು ಈ ಲೆಕ್ಕ ಹಾಕಿ.

ಬರೆಯಲು ಕೂತಾಗ ಮೊದಲು ಉತ್ತರಿಸಬೇಕಾದ ಪ್ರಶ್ನೆ: ಇವರೆಲ್ಲ ರಾತ್ರಿ ಶಾಲೆಯಲ್ಲಿ ಯಾಕಿದ್ದಾರೆ, ಯಾಕೆ ಎದ್ದು ಮನೆಗೆ ಹೋಗುವುದಿಲ್ಲ? ನಾಟಕದ ರಿಹರ್ಸಲ್, ಶಿಕ್ಷೆಗೆ ಉಳಿಸಿಕೊಂಡ ಗುಂಪು, ವಾರ್ಷಿಕೋತ್ಸವದ ಅಲಂಕಾರ, ಪ್ರಶ್ನೆಪತ್ರಿಕೆ ಕದಿಯಲು ಬಂದವರು. ಕೊನೆಯದ್ದು ನನಗೆ ಇಷ್ಟ. ಕಳ್ಳತನಕ್ಕೆ ಬಂದವರು ಸಹಾಯಕ್ಕೆ ಕೂಗಿಕೊಳ್ಳಲು ಹಿಂಜರಿಯುತ್ತಾರೆ. ಅವರು ಅಲ್ಲೇ ಉಳಿಯಲು ಬೇರೆ ನೆಪ ಹುಡುಕಬೇಕಾಗಿಲ್ಲ.

ಎರಡನೇ ಪ್ರಶ್ನೆ ಮೊಬೈಲ್. ‘ಸಿಗ್ನಲ್ ಇಲ್ಲ’ ಅನ್ನುವ ಸಂಭಾಷಣೆ ಕೇಳಿದರೆ ಪ್ರೇಕ್ಷಕ ನಗುತ್ತಾನೆ. ಶಾಲೆಯಲ್ಲೇ ಉತ್ತರ ಇದೆ. ಎಲ್ಲರ ಫೋನನ್ನೂ ಒಂದು ಡಬ್ಬದಲ್ಲಿ ಹಾಕಿ ಸ್ಟಾಫ್ ರೂಮಿನಲ್ಲಿ ಬೀಗ ಹಾಕಿಟ್ಟಿದ್ದಾರೆ ಅನ್ನಿ. ಸಹಜ ನಿಯಮ. ಮುಂದೆ ಆ ಡಬ್ಬದೊಳಗೆ ಫೋನುಗಳು ಒಂದರ ಹಿಂದೊಂದು ರಿಂಗ್ ಆಗುವ ದೃಶ್ಯವೂ ಸಿಗುತ್ತದೆ. ಅಡ್ಡಿಯಾಗಿದ್ದದ್ದೇ ಒಂದು ಹೆದರಿಕೆಯ ಸರಕಾಯಿತು.

ಪಾತ್ರಗಳು ಆರೇಳು ಸಾಕು. ಓದುವವಳು, ಆಟಗಾರ, ತಮಾಷೆಗಾರ ಅಂತ ಅಚ್ಚು ಹಾಕುವುದು ಸುಲಭ, ಆದರೆ ಅಚ್ಚು ಸತ್ತರೆ ಯಾರಿಗೂ ಬೇಜಾರಿಲ್ಲ. ಪ್ರತಿ ಪಾತ್ರಕ್ಕೂ ಆ ರಾತ್ರಿ ಕೊಲೆಗಾರನಿಗೆ ಸಂಬಂಧವೇ ಇಲ್ಲದ ಒಂದು ಚಿಂತೆ ಕೊಡಿ. ಒಬ್ಬ ನಾಳೆ ಊರು ಬಿಡುವವನು, ಗೆಳೆಯರಿಗೆ ಇನ್ನೂ ಹೇಳಿಲ್ಲ. ಇನ್ನೊಬ್ಬಳು ಸಾಲ ಕೊಟ್ಟ ದುಡ್ಡು ಹೇಗೆ ವಾಪಸ್ ಕೇಳುವುದು ಅಂತ ಒದ್ದಾಡುತ್ತಿದ್ದಾಳೆ. ಮಾತು ಅರ್ಧಕ್ಕೆ ನಿಂತಾಗಲೇ ಸಾವು ನೋಯುತ್ತದೆ.

ಕೊನೆಗೆ ಉಳಿಯುವ ಹುಡುಗಿಗೆ ‘ಫೈನಲ್ ಗರ್ಲ್’ ಅನ್ನುವ ಹೆಸರು ಬಂದದ್ದು ಕ್ಯಾರೊಲ್ ಕ್ಲೋವರ್ ಅವರ 1987ರ ಪ್ರಬಂಧದಿಂದ. ಅವಳು ಉಳಿಯುವುದು ಒಳ್ಳೆಯವಳು ಅನ್ನುವ ಕಾರಣಕ್ಕೆ ಮಾತ್ರ ಬೇಡ. ಶುರುವಿನಿಂದ ಅವಳು ಗಮನಿಸುವವಳಾಗಿರಲಿ. ಯಾವ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಅನ್ನುವುದು ಅವಳಿಗೆ ಹತ್ತನೇ ನಿಮಿಷದಲ್ಲಿ ಗೊತ್ತಿರಲಿ, ಎಪ್ಪತ್ತನೇ ನಿಮಿಷದಲ್ಲಿ ಅದು ಅವಳನ್ನು ಉಳಿಸಲಿ.

ಕೊಲೆಗಾರನ ಕಾರಣ ಒಂದು ವಾಕ್ಯದಲ್ಲಿ ಹೇಳಲು ಬರಬೇಕು. ಅನುಮಾನಕ್ಕೆ ಮೂರು ಜನ ಸಾಕು. ನಿಜವಾದ ಕೊಲೆಗಾರ ಮೊದಲ ಕಾಲು ಭಾಗದಲ್ಲೇ ಪರದೆಗೆ ಬಂದು ಹೋಗಿರಲಿ, ಇಲ್ಲದಿದ್ದರೆ ಮುಖವಾಡ ತೆಗೆದಾಗ ‘ಯಾರಪ್ಪ ಇವನು’ ಅನ್ನಿಸುತ್ತದೆ. ಇನ್ನೊಂದು ಮಾತು: ಎಲ್ಲೋ ನಿಜವಾಗಿ ನಡೆದ ಶಾಲಾ ದಾಳಿಯನ್ನು ಕಥೆಗೆ ತರಬೇಡಿ. ಅಲ್ಲಿ ಮಕ್ಕಳನ್ನು ಕಳೆದುಕೊಂಡವರು ಇದ್ದಾರೆ. ಇದೇ ಕಾರಣಕ್ಕೆ ಹೈಸ್ಕೂಲ್ ಸ್ಲ್ಯಾಷರ್‌ನಲ್ಲಿ ಬಂದೂಕು ನನಗೆ ಸರಿ ಕಾಣುವುದಿಲ್ಲ. ಬಂದೂಕು ದೂರದಿಂದ ಕೊಲ್ಲುತ್ತದೆ, ಸ್ಲ್ಯಾಷರ್‌ಗೆ ಬೇಕಾದದ್ದು ಹತ್ತಿರ.

ಹಂತ 3: ಕೊಲೆಗಾರನನ್ನು ತಯಾರು ಮಾಡಿ

‘ಹ್ಯಾಲೋವೀನ್’ ಚಿತ್ರದ ಮುಖವಾಡ ಅಂಗಡಿಯಲ್ಲಿ ಎರಡು ಡಾಲರ್‌ಗೂ ಕಡಿಮೆಗೆ ಸಿಕ್ಕಿದ್ದು. ಟಿವಿ ಧಾರಾವಾಹಿಯೊಂದರ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವದು. ಕಣ್ಣಿನ ತೂತು ದೊಡ್ಡದು ಮಾಡಿ, ಕೂದಲು ಬದಲಿಸಿ, ಬಿಳಿ ಬಣ್ಣ ಹೊಡೆದರು. ಯಾವ ಭಾವವೂ ಇಲ್ಲದ ಮುಖವಾಯಿತು. ಕೆಲಸ ಮಾಡಿದ್ದು ಆ ಭಾವಶೂನ್ಯತೆಯೇ. ಹಲ್ಲು, ಕೊಂಬು, ರಕ್ತದ ಕಲೆ ಇರುವ ಮುಖವಾಡ ಮೊದಲ ಸಲ ಬೆಚ್ಚಿಬೀಳಿಸುತ್ತದೆ, ಐದನೇ ಸಲ ನಗು ಬರಿಸುತ್ತದೆ. ಖಾಲಿ ಮುಖಕ್ಕೆ ಹೆದರಿಕೆಯನ್ನು ನೋಡುವವನೇ ತುಂಬಿಕೊಳ್ಳುತ್ತಾನೆ.

ನೀವೂ ಶಾಲೆಯೊಳಗಿನಿಂದಲೇ ಹುಡುಕಿ. ನಾಟಕದ ತಂಡದ ಹಳೆಯ ಮುಖವಾಡ, ಕತ್ತಿವರಸೆಯ ಜಾಲರಿ ಮುಖಗವಚ, ವರ್ಕ್‌ಶಾಪಿನ ವೆಲ್ಡಿಂಗ್ ಶೀಲ್ಡ್, ಕ್ರೀಡಾ ತಂಡದ ಪ್ರಾಣಿಯ ತಲೆ. ಮೇಲೊಂದು ಪದವಿ ಪ್ರದಾನದ ನಿಲುವಂಗಿ ಹಾಕಿದರೆ ಗಂಡೋ ಹೆಣ್ಣೋ ತಿಳಿಯದು, ಅನುಮಾನ ಎಲ್ಲರ ಮೇಲೂ ಉಳಿಯುತ್ತದೆ. ಬೇರೆ ಸಿನಿಮಾದ ಪ್ರಸಿದ್ಧ ಮುಖವಾಡ ಮಾತ್ರ ಬಳಸಬೇಡಿ. ಅದಕ್ಕೆ ಹಕ್ಕುದಾರರಿದ್ದಾರೆ, ಬಿಡುಗಡೆಯ ಹೊತ್ತಿಗೆ ತಲೆನೋವು.

ಎರಡು ಪ್ರತಿ ಮಾಡಿಟ್ಟುಕೊಳ್ಳಿ, ಒಂದು ಹರಿದೇ ಹರಿಯುತ್ತದೆ. ಮುಖವಾಡದ ಇನ್ನೊಂದು ಲಾಭ: ಒಳಗೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ನಟ ಬಾರದ ದಿನ ಅದೇ ಎತ್ತರದ ಯಾರು ಬೇಕಾದರೂ ನಿಲ್ಲಬಹುದು. ಆದರೆ ಒಳಗಿದ್ದವರಿಗೆ ಪಕ್ಕದ್ದು, ಕಾಲಡಿಯದ್ದು ಕಾಣುವುದಿಲ್ಲ. ಮೆಟ್ಟಿಲ ಮೇಲೆ ಮುಖವಾಡ ಹಾಕಿ ಓಡಿಸಬೇಡಿ. ಓಡಿಸುವ ಅಗತ್ಯವೂ ಇಲ್ಲ. ನಿಧಾನವಾಗಿ ನಡೆಯುವ, ತಲೆ ಓರೆ ಮಾಡಿ ನಿಂತು ನೋಡುವ ಕೊಲೆಗಾರನೇ ಹೆಚ್ಚು ಹೆದರಿಸುತ್ತಾನೆ.

ಹಂತ 4: ನಟರು, ಕಾಗದಪತ್ರ

ಹೈಸ್ಕೂಲ್ ಪಾತ್ರಗಳಿಗೆ 18 ದಾಟಿದ, ಚಿಕ್ಕವರಂತೆ ಕಾಣುವ ನಟರನ್ನೇ ತೆಗೆದುಕೊಳ್ಳಿ. ದೊಡ್ಡ ನಿರ್ಮಾಣಗಳೂ ಹೀಗೇ ಮಾಡುತ್ತವೆ. ಅಪ್ರಾಪ್ತರಾದರೆ ಕೆಲಸದ ಗಂಟೆ, ರಾತ್ರಿ ಶೂಟಿಂಗ್, ಪೋಷಕರ ಒಪ್ಪಿಗೆ ಎಲ್ಲಕ್ಕೂ ಕಾನೂನು ಇರುತ್ತದೆ. ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ. ಹಸಿಬಿಸಿ ದೃಶ್ಯಗಳು ಈ ಪ್ರಕಾರದ ಹಳೆಯ ಚಾಳಿ. ಪಾತ್ರಗಳು ಶಾಲಾ ಮಕ್ಕಳು, ಹಾಗಾಗಿ ಅದನ್ನು ಪೂರ್ತಿ ಬಿಟ್ಟುಬಿಡಿ.

ಪ್ರತಿಯೊಬ್ಬರಿಂದ ಸಹಿ ಹಾಕಿಸಿಕೊಂಡ ಒಪ್ಪಂದ ಇರಲಿ, ಗೆಳೆಯರಾದರೂ ಸರಿ. ಆಡಿಷನ್‌ನಲ್ಲಿ ಕಿರುಚಿಸಿ ನೋಡುವ ಬದಲು ಸುಮ್ನೆ ಕೂತು ಏನೋ ಸದ್ದು ಕೇಳಿಸಿಕೊಳ್ಳಲು ಹೇಳಿ. ಕಿರುಚುವುದು ಎಲ್ಲರಿಗೂ ಬರುತ್ತದೆ. ಕೇಳಿಸಿಕೊಳ್ಳುವ ನಟನೆ ಕೆಲವರಿಗೇ ಬರುವುದು, ನಿಮ್ಮ ಸಿನಿಮಾದಲ್ಲಿ ಬೇಕಾದದ್ದೂ ಅದೇ.

ಹೊರಗಡೆ ಶೂಟಿಂಗ್ ಇದ್ದರೆ ಪೊಲೀಸರಿಗೂ ಅಕ್ಕಪಕ್ಕದವರಿಗೂ ಮೊದಲೇ ಬರಹದಲ್ಲಿ ತಿಳಿಸಿ. ಮುಖವಾಡ ಹಾಕಿ ಕೈಯಲ್ಲಿ ಚಾಕು ಹಿಡಿದವನು ಶಾಲೆಯ ಗೇಟಿನ ಹತ್ತಿರ ಕಂಡರೆ ಜನ ಸಿನಿಮಾ ಅಂದುಕೊಳ್ಳುವುದಿಲ್ಲ.

ಹಂತ 5: ಶೆಡ್ಯೂಲ್

ಕಥೆಯ ಕ್ರಮದಲ್ಲಿ ಅಲ್ಲ, ಜಾಗದ ಕ್ರಮದಲ್ಲಿ ತೆಗೆಯಿರಿ. ಪ್ರಯೋಗಾಲಯದ ಎಲ್ಲ ದೃಶ್ಯ ಒಂದೇ ದಿನ, ಜಿಮ್‌ನ ಎಲ್ಲ ದೃಶ್ಯ ಇನ್ನೊಂದು ದಿನ. ಅದರೊಳಗೆ ಇನ್ನೊಂದು ನಿಯಮ: ಒಣ ಶಾಟ್ ಮೊದಲು, ಒದ್ದೆ ಶಾಟ್ ಕೊನೆಗೆ. ರಕ್ತ ಹಚ್ಚಿದ ಮೇಲೆ ನಟ, ಬಟ್ಟೆ, ನೆಲ ಯಾವುದೂ ಬೇಗ ಹಿಂದಿನಂತಾಗುವುದಿಲ್ಲ. ಸಾಯುವ ಪಾತ್ರಕ್ಕೆ ಒಂದೇ ತರದ ಮೂರು ಅಂಗಿ ಇಟ್ಟುಕೊಳ್ಳಿ. ಪ್ರತಿ ಟೇಕ್ ಮುಗಿದ ತಕ್ಷಣ ಫೋಟೊ ತೆಗೆದಿಡಿ. ಕಲೆ ಎಡಗಡೆ ಇತ್ತೋ ಬಲಗಡೆಯೋ ಅನ್ನುವ ಜಗಳ ಎಡಿಟಿಂಗ್ ಟೇಬಲ್ ಮೇಲೆ ಬೇಡ.

ಕಟ್ಟಡದ ಒಳಗಿನ ರಾತ್ರಿ ದೃಶ್ಯಕ್ಕೆ ರಾತ್ರಿಯೇ ಬೇಕಿಲ್ಲ. ಕಿಟಕಿಗಳಿಗೆ ದಪ್ಪ ಕಪ್ಪು ಬಟ್ಟೆ ಹೊಡೆದರೆ ಹಗಲಲ್ಲೂ ಕತ್ತಲು. ರಜಾದಿನದ ಹಗಲು ಶಾಲೆ ಸಿಗುವುದು ಸುಲಭ, ತಂಡವೂ ನಿದ್ದೆಗೆಡುವುದಿಲ್ಲ. ನಿಜವಾದ ರಾತ್ರಿಯನ್ನು ಹೊರಗಿನ ದೃಶ್ಯಗಳಿಗೆ ಉಳಿಸಿ. ಒಂದು ದಿನದ ಕೆಲಸ ಮುಗಿದು ಮರುದಿನ ಶುರುವಾಗುವ ನಡುವೆ ಕನಿಷ್ಠ 10 ಗಂಟೆ ಬಿಡುವಿರಲಿ. ನಿದ್ದೆ ಇಲ್ಲದ ತಂಡ, ಜಾರುವ ನೆಲ, ಕೈಯಲ್ಲಿ ಚಾಕು ಒಟ್ಟಿಗೆ ಇರಬಾರದು.

ಹಂತ 6: ಬೆಳಕು, ಕ್ಯಾಮೆರಾ

ಕ್ಯಾಮೆರಾ ಯಾವುದು ಅನ್ನುವ ಚರ್ಚೆಗೆ ಜಾಸ್ತಿ ಹೊತ್ತು ಕೊಡಬೇಡಿ. ಕೈಯಿಂದಲೇ ಸೆಟ್ಟಿಂಗ್ ಬದಲಿಸಲು ಬರುವ ಕ್ಯಾಮೆರಾ ಅಥವಾ ಒಳ್ಳೆಯ ಫೋನ್, ಗಟ್ಟಿ ಟ್ರೈಪಾಡ್ ಇದ್ದರೆ ಸಾಕು. ಸೆಕೆಂಡಿಗೆ 24 ಅಥವಾ 25 ಫ್ರೇಮ್ ಇಟ್ಟುಕೊಳ್ಳಿ. ಶಾಲೆಗಳ ಟ್ಯೂಬ್‌ಲೈಟ್ ಪರದೆ ಮೇಲೆ ಮಿಣುಕುವುದು ಸಾಮಾನ್ಯ ತೊಂದರೆ. ವಿದ್ಯುತ್ 50 ಹರ್ಟ್ಸ್ ಇರುವ ಕಡೆ ಶಟರ್ ವೇಗ 1/50 ಸೆಕೆಂಡ್ ಇರಲಿ, 60 ಹರ್ಟ್ಸ್ ಇರುವ ಕಡೆ 1/60. ಮಿಣುಕು ಬಹುತೇಕ ಹೋಗುತ್ತದೆ.

ಕತ್ತಲೆ ಅಂದರೆ ದೀಪವಿಲ್ಲದೆ ತೆಗೆಯುವುದು ಅಲ್ಲ. ದೀಪವಿಲ್ಲದೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಪರದೆ ತುಂಬ ಕಾಳು ಕಾಳು ಕಾಣುತ್ತದೆ. ಬೆಳಕು ಇರಲಿ, ಆದರೆ ಒಂದೇ ಕಡೆಯಿಂದ ಬರಲಿ. ಕಾರಿಡಾರ್‌ನಲ್ಲಿ ಎಲ್ಲ ದೀಪ ಆರಿಸಿ ದೂರದ ತುದಿಯ ಒಂದನ್ನು ಮಾತ್ರ ಉಳಿಸಿ. ನೆಲ ಹೊಳೆಯುತ್ತದೆ, ನಡುವೆ ನಿಂತವನು ಕಪ್ಪು ಆಕೃತಿಯಾಗುತ್ತಾನೆ. ತರಗತಿಯ ಪ್ರೊಜೆಕ್ಟರ್ ಒಂದು ಪುಕ್ಕಟೆ ಸ್ಪಾಟ್‌ಲೈಟ್. ಖಾಲಿ ನೀಲಿ ಪರದೆ ಹಾಕಿದರೆ ಇಡೀ ಕೋಣೆ ತಣ್ಣಗೆ ಕಾಣುತ್ತದೆ, ಅದರ ಮುಂದೆ ಕೊಲೆಗಾರ ಹಾದುಹೋದರೆ ಗೋಡೆ ತುಂಬ ನೆರಳು. ತುರ್ತು ನಿರ್ಗಮನದ ಫಲಕ, ಫೋನಿನ ಟಾರ್ಚ್, ಕಿಟಕಿಯ ಹೊರಗಿಟ್ಟ ಒಂದು ಎಲ್‌ಇಡಿ, ಇಷ್ಟರಲ್ಲಿ ಇಡೀ ಸಿನಿಮಾ ತೆಗೆಯಬಹುದು.

ಫ್ರೇಮ್‌ ಇಡುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಪಾತ್ರವನ್ನು ಒಂದು ಬದಿಗೆ ನಿಲ್ಲಿಸಿ, ಹಿಂದೆ ಬಾಗಿಲೋ ಕಾರಿಡಾರೋ ಖಾಲಿ ಬಿಡಿ. ಅಲ್ಲಿ ಏನೂ ಆಗದಿದ್ದರೂ ಪ್ರೇಕ್ಷಕನ ಕಣ್ಣು ಅಲ್ಲೇ ಇರುತ್ತದೆ. ನಾಲ್ಕು ಸಲ ಏನೂ ಬರಬಾರದು. ಐದನೇ ಸಲ ಯಾರೋ ನಿಂತಿರಬೇಕು, ಸಂಗೀತ ಇಲ್ಲದೆ, ಫೋಕಸ್ ಇಲ್ಲದೆ. ಅರ್ಧ ಜನ ನೋಡುತ್ತಾರೆ, ಇನ್ನರ್ಧ ಜನಕ್ಕೆ ಪಕ್ಕದವರು ಹೇಳುತ್ತಾರೆ.

ಹಂತ 7: ಕೊಲೆಯ ದೃಶ್ಯ

ರಕ್ತದಿಂದ ಶುರು ಮಾಡೋಣ. ಒಂದು ಕಪ್ ಕಾರ್ನ್ ಸಿರಪ್‌ಗೆ ಕಾಲು ಕಪ್ ನೀರು, ಕೆಂಪು ಫುಡ್ ಕಲರ್, ಒಂದೆರಡು ಹನಿ ನೀಲಿ ಅಥವಾ ಹಸಿರು. ಬರೀ ಕೆಂಪು ಹಾಕಿದರೆ ಗುಲಾಬಿಯಾಗಿ ಕಾಣುತ್ತದೆ, ಆ ಒಂದೆರಡು ಹನಿ ಅದನ್ನು ಕಡುಮಾಡುತ್ತದೆ. ಸ್ವಲ್ಪ ಚಾಕೊಲೇಟ್ ಸಿರಪ್ ಬೆರೆಸಿದರೆ ದಪ್ಪವಾಗುತ್ತದೆ, ಗಾಜಿನಂತೆ ಪಾರದರ್ಶಕವಾಗಿ ಕಾಣುವುದು ತಪ್ಪುತ್ತದೆ. 1960ರ ‘ಸೈಕೋ’ದಲ್ಲಿ ರಕ್ತವಾಗಿ ಹರಿದದ್ದು ಚಾಕೊಲೇಟ್ ಸಿರಪ್ಪೇ. ಕಪ್ಪುಬಿಳುಪು ಚಿತ್ರವಾದ್ದರಿಂದ ಬಣ್ಣದ ಗೊಡವೆ ಇರಲಿಲ್ಲ.

ಎರಡು ಬಾಟಲಿ ಬೇರೆ ಬೇರೆ ಇಡಿ. ಬಾಯಿಗೆ, ಮುಖಕ್ಕೆ ಬಳಸುವುದರಲ್ಲಿ ತಿನ್ನುವ ಪದಾರ್ಥ ಮಾತ್ರ. ಬಟ್ಟೆಗೆ ಹಾಕುವುದರಲ್ಲಿ ಸ್ವಲ್ಪ ಪಾತ್ರೆ ತೊಳೆಯುವ ಸೋಪ್ ದ್ರವ ಸೇರಿಸಿದರೆ ಬಟ್ಟೆಗೆ ಚೆನ್ನಾಗಿ ಇಳಿಯುತ್ತದೆ, ತೊಳೆಯಲೂ ಸುಲಭ. ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿಡಿ. ಫುಡ್ ಕಲರ್ ಚರ್ಮಕ್ಕೂ ಗೋಡೆಗೂ ಹಿಡಿಯುತ್ತದೆ. ನಟರ ಕೈಯ ಮೇಲೆ ಮೊದಲೇ ಹಚ್ಚಿ ನೋಡಿ, ಯಾರಿಗಾದರೂ ಅಲರ್ಜಿ ಇದೆಯಾ ಕೇಳಿ. ಶಾಲೆಯ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿ, ಅಂಚಿಗೆ ಟೇಪ್ ಹೊಡೆಯಿರಿ. ಸಿರಪ್ ಎಣ್ಣೆಯಂತೆ ಜಾರುತ್ತದೆ, ಒಣಗಿದರೆ ಅಂಟುತ್ತದೆ, ಇರುವೆಗಳಿಗೆ ಹಬ್ಬ. ಆವತ್ತೇ ಬಿಸಿನೀರಿನಲ್ಲಿ ಒರೆಸಿ ಮುಗಿಸಿ.

ಇನ್ನು ಆಯುಧ. ಚೂಪಾದ ಚಾಕು ಸೆಟ್ಟಿನೊಳಗೆ ಬರಲೇಬಾರದು. ಹೊಳೆಯುವ ಅಲುಗಿನ ಕ್ಲೋಸಪ್ ಬೇಕಿದ್ದರೆ ಅಂಚು ಮೊಂಡಾದ ಲೋಹದ ಚಾಕು, ಅದೂ ಸುತ್ತ ಯಾರೂ ಇಲ್ಲದಾಗ. ಮನುಷ್ಯರ ಹತ್ತಿರ ಹೋಗುವುದು ರಬ್ಬರ್ ಅಥವಾ ಫೋಮ್ ಚಾಕು ಮಾತ್ರ. ಪ್ರಾಪರ್ಟಿಗಳಿಗೆ, ಅಂದರೆ ದೃಶ್ಯದಲ್ಲಿ ಬಳಸುವ ಆಯುಧ, ಸಾಮಾನುಗಳಿಗೆ ಒಬ್ಬರೇ ಜವಾಬ್ದಾರರು. ಅವರೇ ಕೊಡಬೇಕು, ಅವರೇ ವಾಪಸ್ ತೆಗೆದುಕೊಳ್ಳಬೇಕು, ಪ್ರತಿ ಟೇಕ್‌ಗೂ ಮುಟ್ಟಿ ನೋಡಬೇಕು. 2021ರಲ್ಲಿ ‘ರಸ್ಟ್’ ಚಿತ್ರದ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತದ್ದು ಪ್ರಾಪರ್ಟಿ ಬಂದೂಕಿನಲ್ಲಿ ನಿಜವಾದ ಗುಂಡು ಇದ್ದದ್ದರಿಂದ. ಅನುಭವಿಗಳಿದ್ದ ತಂಡದಲ್ಲೇ ಹೀಗಾಯಿತು.

ಈಗ ಚಿತ್ರೀಕರಣ. ಕೊಲೆಯನ್ನು ಒಂದೇ ಶಾಟ್‌ನಲ್ಲಿ ತೆಗೆಯಲು ಹೋದರೆ ದುಬಾರಿ ಎಫೆಕ್ಟ್ ಬೇಕು. ತುಂಡು ತುಂಡಾಗಿ ತೆಗೆದರೆ ಏನೂ ಬೇಡ. ‘ಸೈಕೋ’ದ ಬಚ್ಚಲಿನ ದೃಶ್ಯ ಪರದೆಯ ಮೇಲೆ ಮೂರು ನಿಮಿಷ, ಅದಕ್ಕೆ ಹಿಡಿದದ್ದು ಒಂದು ವಾರ. ಅಷ್ಟು ಹೊತ್ತು ನಿಮಗಿಲ್ಲ, ಆದರೆ ವಿಧಾನ ಅದೇ. ಎತ್ತಿದ ಕೈ. ಹುಡುಗಿಯ ಕಣ್ಣು. ಗೋಡೆಯ ಮೇಲೆ ಇಳಿಯುವ ನೆರಳು. ಟೇಬಲ್ ಹಿಡಿದ ಬೆರಳು ಸಡಿಲವಾಗುವುದು. ಕಾಲಿನ ಹತ್ತಿರ ಬೀಳುವ ಪುಸ್ತಕ. ಆಮೇಲೆ ಪುಸ್ತಕದ ಹಾಳೆ ನಿಧಾನಕ್ಕೆ ಕೆಂಪಾಗುವುದು. ಚಾಕು ಮೈಗೆ ತಾಗುವುದು ಎಲ್ಲೂ ಇಲ್ಲ, ನೋಡಿದವರು ಮಾತ್ರ ತಾವು ನೋಡಿದ್ದೇವೆ ಅಂತ ಆಣೆ ಮಾಡುತ್ತಾರೆ.

ಒಂದಾದರೂ ಇರಿತ ಪರದೆಯ ಮೇಲೆ ಕಾಣಲೇಬೇಕು ಅಂದರೆ ಎರಡು ದಾರಿ. ಮೊದಲನೆಯದು ಕೋನದ ಮೋಸ: ಕ್ಯಾಮೆರಾ ನಟನ ಬೆನ್ನ ಹಿಂದೆ ಇರಲಿ, ಫೋಮ್ ಚಾಕು ಮೈಯ ಆಚೆ ಬದಿಯಲ್ಲಿ ಒಂದು ಗೇಣು ದೂರದಲ್ಲಿ ಹಾದುಹೋಗಲಿ. ದೂರ ಕಾಣುವುದಿಲ್ಲ. ಎರಡನೆಯದು ಹಿಮ್ಮುಖ: ಫೋಮ್ ಚಾಕುವನ್ನು ಅಂಗಿಗೆ ಒತ್ತಿ ಹಿಡಿದು, ವೇಗವಾಗಿ ಹಿಂದಕ್ಕೆ ಎಳೆದು ಚಿತ್ರೀಕರಿಸಿ, ಎಡಿಟಿಂಗ್‌ನಲ್ಲಿ ತಿರುಗಿಸಿ. ನಟನಿಗೆ ಪೆಟ್ಟಿಲ್ಲ, ಪರದೆ ಮೇಲೆ ಜೋರಾದ ಇರಿತ. ರಕ್ತ ಉಕ್ಕಲು ಅಕ್ವೇರಿಯಂನ ತೆಳು ಪೈಪು, ಸೂಜಿ ಇಲ್ಲದ ದೊಡ್ಡ ಸಿರಿಂಜ್ ಸಾಕು. ಪೈಪನ್ನು ಅಂಗಿಯ ತೋಳಿನ ಒಳಗಿಂದ ತಂದು ಕ್ಯಾಮೆರಾದ ಹೊರಗೆ ಕೂತವರು ಒತ್ತಬೇಕು.

ಎಲ್ಲ ಚಲನೆಯನ್ನೂ ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಅರ್ಧ ವೇಗದಲ್ಲಿ ಅಭ್ಯಾಸ ಮಾಡಿಸಿ. ‘ನಿಲ್ಲಿಸಿ’, ‘ಬೇಡ’ ಅನ್ನುವುದು ನಟನೆಯ ಮಾತೂ ಆಗಿರಬಹುದಾದ್ದರಿಂದ ನಿಜವಾಗಿ ನಿಲ್ಲಿಸಲು ಬೇರೆಯೇ ಪದ ಗೊತ್ತುಮಾಡಿ. ಅದು ಕೇಳಿದ ಕ್ಷಣ ಎಲ್ಲರೂ ನಿಲ್ಲಬೇಕು. ನಿಜವಾದ ಗಾಜು ಒಡೆಯಬೇಡಿ. ಕಿಟಕಿ ಒಡೆದ ಸದ್ದು ಕೇಳಿಸಿ, ಮುಖ ತಿರುಗಿಸಿದ ನಟನನ್ನು ತೋರಿಸಿದರೆ ಮುಗಿಯಿತು.

ಹಂತ 8: ಸದ್ದು

ಬಜೆಟ್‌ನಲ್ಲಿ ಏನಾದರೂ ಉಳಿದಿದ್ದರೆ ಇಲ್ಲಿ ಹಾಕಿ. ಮಸುಕು ಚಿತ್ರವನ್ನು ಪ್ರೇಕ್ಷಕ ಸಹಿಸುತ್ತಾನೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಶಾಲೆಯ ಕೋಣೆಗಳು ವಿಪರೀತ ಮೊಳಗುತ್ತವೆ. ಒಳಗೆ ಹೋದ ಕೂಡಲೇ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಆ ಸದ್ದು ತುಂಬ ಹೊತ್ತು ಮೊಳಗುತ್ತಿದ್ದರೆ ಕ್ಯಾಮೆರಾಕ್ಕೆ ಕಾಣದ ಕಡೆ ಕಂಬಳಿ ನೇತುಹಾಕಿ, ಮೈಕನ್ನು ಬಾಯಿಯ ಹತ್ತಿರ ತನ್ನಿ. ಫ್ಯಾನ್, ಫ್ರಿಜ್, ನೀರಿನ ಯಂತ್ರ ಆಫ್ ಮಾಡಿ, ಹೊರಡುವಾಗ ವಾಪಸ್ ಆನ್ ಮಾಡಲು ಮರೆಯದಂತೆ ನಿಮ್ಮ ಬೈಕಿನ ಕೀಯನ್ನು ಫ್ರಿಜ್‌ನೊಳಗೆ ಇಡಿ. ಈ ಉಪಾಯ ಸೌಂಡ್‌ನವರಲ್ಲಿ ಹಳೆಯದು. ಪ್ರತಿ ಜಾಗದಲ್ಲೂ ಯಾರೂ ಅಲುಗದೆ ಒಂದು ನಿಮಿಷದ ಖಾಲಿ ಸದ್ದನ್ನು ರೆಕಾರ್ಡ್ ಮಾಡಿ. ಮಾತಿನ ತೂತುಗಳನ್ನು ಮುಚ್ಚಲು ಅದು ಬೇಕೇ ಬೇಕು.

ಇರಿತದ ಸದ್ದು ಸೆಟ್ಟಿನಲ್ಲಿ ಸಿಗುವುದಿಲ್ಲ, ಆಮೇಲೆ ತಯಾರಿಸಬೇಕು. ‘ಸೈಕೋ’ದಲ್ಲಿ ಕೇಳುವುದು ಕರ್ಬೂಜದ ಜಾತಿಯ ಹಣ್ಣಿಗೆ ಚುಚ್ಚಿದ ಸದ್ದು. ಎಲೆಕೋಸು, ಕಲ್ಲಂಗಡಿ ಕೂಡ ಆಗುತ್ತದೆ. ಮೂಳೆ ಮುರಿಯಲು ಸೆಲರಿ ದಂಟು. ಒದ್ದೆ ಬಟ್ಟೆಯನ್ನು ಹಿಂಡಿದರೆ ಚಾಕು ಹೊರಬರುವ ಸದ್ದು. ಕೊಲೆಗಾರನ ಹೆಜ್ಜೆಗೆ ಬೇರೆಯವರಿಗಿಲ್ಲದ ಒಂದು ಗುರುತು ಕೊಡಿ. ನೆಲ ಉಜ್ಜುವ ರಬ್ಬರ್ ಅಟ್ಟೆ, ಕೀಗೊಂಚಲಿನ ಕಿಣಿಕಿಣಿ, ಏನಾದರೂ. ಎರಡು ಸಲ ಅದು ಕೇಳಿದ ಮೇಲೆ ಅವನನ್ನು ತೋರಿಸುವ ಅಗತ್ಯವೇ ಬೀಳುವುದಿಲ್ಲ.

ಸಂಗೀತಕ್ಕೆ ದೊಡ್ಡ ವಾದ್ಯಗೋಷ್ಠಿ ಬೇಡ. ‘ಹ್ಯಾಲೋವೀನ್’ ನಿರ್ದೇಶಕ ಜಾನ್ ಕಾರ್ಪೆಂಟರ್ ಐದು ಮಾತ್ರೆಯ ಲಯದಲ್ಲಿ ತಾವೇ ಪಿಯಾನೋ ರಾಗ ಕಟ್ಟಿದರು. ಸಂಗೀತ ಸೇರಿಸುವ ಮೊದಲು ಸ್ಟುಡಿಯೋದ ಒಬ್ಬ ಅಧಿಕಾರಿಗೆ ಸಿನಿಮಾ ತೋರಿಸಿದಾಗ ಅವರಿಗೆ ಹೆದರಿಕೆಯೇ ಆಗಲಿಲ್ಲ ಅಂತ ಕಾರ್ಪೆಂಟರ್ ಹೇಳಿಕೊಂಡಿದ್ದಾರೆ. ನಾಲ್ಕೈದು ಸ್ವರ, ಒಂದು ಕೀಬೋರ್ಡ್, ಪಟ್ಟುಬಿಡದ ಲಯ ಇದ್ದರಾಯಿತು. ದಾಳಿಗೆ ಮುಂಚೆ ಮಾತ್ರ ಎಲ್ಲವನ್ನೂ ನಿಲ್ಲಿಸಿ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯನ್ನೂ. ಸಿನಿಮಾ ಮಂದಿರದಲ್ಲಿ ಜನ ಉಸಿರು ಹಿಡಿಯುವುದು ಆಗಲೇ. ಎಲ್ಲಿಂದಲೋ ತೆಗೆದ ಹಾಡನ್ನು ಮಾತ್ರ ಹಾಕಬೇಡಿ, ಹಕ್ಕಿಲ್ಲದ ಹತ್ತು ಸೆಕೆಂಡ್ ಕೂಡ ಬಿಡುಗಡೆಯನ್ನು ನಿಲ್ಲಿಸಬಹುದು.

ಹಂತ 9: ಎಡಿಟಿಂಗ್

ಮೊದಲ ಕಟ್ ಉದ್ದವಾಗಿಯೇ ಇರುತ್ತದೆ. ಮಾತಿನ ದೃಶ್ಯಗಳನ್ನು ಕತ್ತರಿಸಿ, ಕಾಯುವ ದೃಶ್ಯಗಳನ್ನು ಕತ್ತರಿಸಬೇಡಿ. ಹೊಸ ಎಡಿಟರ್ ತಲೆಕೆಳಗು ಮಾಡುತ್ತಾನೆ. ಖಾಲಿ ಕಾರಿಡಾರ್ ಬೋರ್ ಅನ್ನಿಸಿ ತೆಗೆಯುತ್ತಾನೆ, ಹಾಸ್ಯದ ಸಂಭಾಷಣೆ ಉಳಿಸಿಕೊಳ್ಳುತ್ತಾನೆ. ಥಟ್ಟನೆ ಬೆಚ್ಚಿಬೀಳಿಸುವ ಗಿಮಿಕ್ ಇಡೀ ಸಿನಿಮಾದಲ್ಲಿ ಮೂರು ಸಾಕು, ಅದರಲ್ಲಿ ಒಂದು ಸುಳ್ಳಾಗಿರಲಿ.

ಕಥೆ ಗೊತ್ತಿಲ್ಲದ ಐದಾರು ಜನರನ್ನು ಕೂರಿಸಿ ತೋರಿಸಿ. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಫೋನ್ ತೆಗೆದ ಜಾಗ ಬರೆದುಕೊಳ್ಳಿ, ನಗಬಾರದ ಕಡೆ ನಕ್ಕದ್ದನ್ನೂ ಬರೆದುಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ: ಕೊಲೆಗಾರ ಯಾರು ಅಂತ ಯಾವಾಗ ಗೊತ್ತಾಯಿತು? ಎಲ್ಲರೂ ಮೊದಲರ್ಧದಲ್ಲೇ ಅಂದರೆ ಒಂದು ಸುಳಿವು ತೆಗೆಯಿರಿ. ಯಾರಿಗೂ ಕೊನೆಯಲ್ಲೂ ನಂಬಿಕೆ ಬರಲಿಲ್ಲ ಅಂದರೆ ಒಂದು ಸೇರಿಸಿ.

ಬಣ್ಣ ಸರಿಪಡಿಸುವಾಗ ಕಪ್ಪನ್ನು ಪೂರ್ತಿ ಮುಳುಗಿಸಬೇಡಿ. ಜಾಸ್ತಿ ಜನ ಇದನ್ನು ಫೋನಿನಲ್ಲಿ, ಬೆಳಕಿರುವ ಕೋಣೆಯಲ್ಲಿ ನೋಡುತ್ತಾರೆ. ಹಾಗೆ ಒಮ್ಮೆ ನೋಡಿಯೇ ಮುಗಿಸಿ.

ಹಂತ 10: ಹೊರಗೆ ತರುವುದು

ಶೂಟಿಂಗ್ ನಡೆಯುವಾಗಲೇ ಒಬ್ಬರಿಗೆ ಸ್ಟಿಲ್ ಕ್ಯಾಮೆರಾ ಕೊಟ್ಟಿರಿ. ವಿಡಿಯೋದಿಂದ ಕಿತ್ತ ಫ್ರೇಮ್ ಪೋಸ್ಟರಿಗೆ ಆಗುವುದಿಲ್ಲ. ಹಾರರ್‌ಗೆಂದೇ ನಡೆಯುವ ಚಿತ್ರೋತ್ಸವಗಳಿವೆ, ಅಲ್ಲಿನ ಪ್ರೇಕ್ಷಕರು ಸಣ್ಣ ಬಜೆಟ್ಟನ್ನು ಕ್ಷಮಿಸುತ್ತಾರೆ, ಮೊದಲು ಅಲ್ಲಿಗೆ ಕಳಿಸಿ. ಎಷ್ಟೋ ಚಿತ್ರೋತ್ಸವಗಳು ಈಗಾಗಲೇ ಆನ್‌ಲೈನ್‌ನಲ್ಲಿ ಹಾಕಿದ ಸಿನಿಮಾ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಯೂಟ್ಯೂಬ್ ಕೊನೆಗೆ. ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕಿದ್ದರೆ ವಯಸ್ಸಿನ ಮಿತಿ ಬೀಳಬಹುದು ಅನ್ನುವುದನ್ನು ಲೆಕ್ಕದಲ್ಲಿಡಿ, ರಕ್ತ ಕಡಿಮೆ ತೋರಿಸಿದವರಿಗೆ ಇಲ್ಲೂ ಲಾಭ.

ಟ್ರೇಲರ್ 60ರಿಂದ 90 ಸೆಕೆಂಡ್. ಶಾಲೆ, ಗಂಟೆ, ಮುಖವಾಡದ ಒಂದೇ ಒಂದು ನೋಟ. ಒಂದೂ ಕೊಲೆಯನ್ನು ಪೂರ್ತಿ ತೋರಿಸಬೇಡಿ, ಕೊನೆಯ ಹತ್ತು ನಿಮಿಷದಿಂದ ಒಂದು ಶಾಟನ್ನೂ ತೆಗೆಯಬೇಡಿ. ಯಾರು ಬದುಕಿರುತ್ತಾರೆ ಅಂತ ಬಟ್ಟೆಯ ಮೇಲಿನ ರಕ್ತ ನೋಡಿಯೇ ಕಂಡುಹಿಡಿಯುವವರು ಇರುತ್ತಾರೆ.